ಹೊಟ್ಟೆ ಚಿಕ್ಕದಾದ ಮೇಲೆ ಎಷ್ಟು ಉಣ್ಣಬೇಕು?

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಸರ್ಜನ್ನರನ್ನು, ಡಯಟೀಷಿಯನ್ನರನ್ನು, ತಮಗಿಂತ ಮೊದಲೇ ಮಾಡಿಸಿಕೊಂಡವರನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ದಿನಕ್ಕೆ ಎಷ್ಟು ಕ್ಯಾಲೊರಿ ತಿನ್ನಬೇಕು? ಒಬ್ಬರು 800 ಎನ್ನುತ್ತಾರೆ, ಇನ್ನೊಬ್ಬರು 1,000, ಮತ್ತೊಬ್ಬರು 1,200. ಕೇಳಿದವರು ಬಹುಮಟ್ಟಿಗೆ ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹಿಡಿದುಕೊಳ್ಳುತ್ತಾರೆ. ವರ್ಷಗಟ್ಟಲೆ ದಪ್ಪ ಎಂದು ಹಂಗಿಸಿಕೊಂಡವರು, ಪಥ್ಯ ಮಾಡಿ ಸೋತವರು, ಲಕ್ಷಗಟ್ಟಲೆ ಖರ್ಚು ಮಾಡಿ ಹೊಟ್ಟೆ ಕೊಯ್ಸಿಕೊಂಡವರು ಚಿಕ್ಕ ಅಂಕಿಯೇ ಸುರಕ್ಷಿತ ಎಂದುಕೊಳ್ಳುವುದು ಸಹಜ. ಆದರೂ ಅದು ತಪ್ಪು. ಮೂರನೇ ತಿಂಗಳಿಗೆ ಸರಿಯಾಗಿದ್ದ ಅಂಕಿಯನ್ನು ಮೂರನೇ ವರ್ಷಕ್ಕೂ ವ್ರತದಂತೆ ಪಾಲಿಸಿದರೆ ದೇಹ ಸೊರಗುತ್ತದೆ. ಊಟದ ಅಳತೆ ಕಾಲಕ್ಕೆ ತಕ್ಕಂತೆ ಏರಬೇಕು. ಎಷ್ಟಕ್ಕೆ ಏರಿ ನಿಲ್ಲಬೇಕೆಂಬುದನ್ನು ಯಾರೂ ಮೊದಲೇ ಬರೆದುಕೊಡಲಾರರು. ಅವರವರ ದೇಹವನ್ನು ನೋಡುತ್ತ ಹುಡುಕಿಕೊಳ್ಳಬೇಕು.

ಇದು ನಾಲ್ಕಾರು ಸಿರಿವಂತರ ಚಿಂತೆ ಎಂದು ತಳ್ಳಿಹಾಕುವ ಕಾಲ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ. 30 ಮಂದಿಯ ತೂಕ ಇರಬೇಕಾದದ್ದಕ್ಕಿಂತ ಹೆಚ್ಚು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಸ್ಲೀವ್, ಬೈಪಾಸ್ ಎಂಬ ಮಾತುಗಳು ಮನೆಮಾತುಗಳಾಗುತ್ತಿವೆ.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನಷ್ಟೇ ಉಳಿಸಿಕೊಂಡು, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಮೊದಲ ದಿನಗಳಲ್ಲಿ ತಿಳಿ ದ್ರವ, ಆಮೇಲೆ ಹಾಲು, ಮಜ್ಜಿಗೆ, ಬೇಳೆಕಟ್ಟು, ಬಳಿಕ ಅರೆದದ್ದು, ಮೆತ್ತಗಿನದು, ಕೊನೆಗೆ ಮಾಮೂಲಿ ಊಟ. ಮೊದಲ ಎರಡು ಮೂರು ತಿಂಗಳಲ್ಲಿ ದಿನಕ್ಕೆ 500ರಿಂದ 800 ಕ್ಯಾಲೊರಿ ಒಳಗೆ ಹೋದರೆ ಹೆಚ್ಚು. ಅದಕ್ಕಿಂತ ಜಾಸ್ತಿ ತಿನ್ನಲು ಜಾಗವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ.

ಆ ಮನಸ್ಸಿಲ್ಲದಿರುವುದೇ ವಿಚಿತ್ರ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಸಂಶೋಧಕ ಆನ್ಸೆಲ್ ಕೀಸ್ ನಡೆಸಿದ ಉಪವಾಸದ ಪ್ರಯೋಗವನ್ನು ನೆನೆಯಿರಿ. 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅಷ್ಟಕ್ಕೇ ಅವರ ಬದುಕೆಲ್ಲ ಊಟದ ಸುತ್ತ ಸುತ್ತತೊಡಗಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂರುವುದು, ತಟ್ಟೆ ನೆಕ್ಕುವುದು, ಸಿಡಿಮಿಡಿ, ಖಿನ್ನತೆ. ಆಪರೇಷನ್ ಆದವರು ಅದರ ಅರ್ಧದಷ್ಟು ತಿಂದೂ ನೆಮ್ಮದಿಯಾಗಿರುತ್ತಾರೆ. ಹಸಿವೆಯ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದೇ ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದು ಅದನ್ನೇ. ಪಥ್ಯದಿಂದ ತೂಕ ಇಳಿಸಿದವರಲ್ಲಿ ಘ್ರೆಲಿನ್ ಏರುತ್ತದೆ, ಬೈಪಾಸ್ ಆದವರಲ್ಲಿ ಅದು ತೀರಾ ಕಡಿಮೆ ಇರುತ್ತದೆ ಎಂದು 2002ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು. ಜೊತೆಗೆ, ಊಟ ಕರುಳಿನ ಕೆಳಭಾಗಕ್ಕೆ ಬೇಗ ತಲುಪುವುದರಿಂದ ಸಾಕು ಎನ್ನುವ ಸಂಕೇತಗಳು ಜೋರಾಗುತ್ತವೆ.

ಹಸಿವೆ ಸುಮ್ಮನಿರುವ ಈ ಕಾಲ ದೊಡ್ಡ ಅನುಕೂಲ. ಹಾಗೆಂದು ಹಸಿವಿಲ್ಲದ ದೇಹಕ್ಕೆ ಅಗತ್ಯವೂ ಇಲ್ಲ ಎಂದು ತಿಳಿಯಬಾರದು. ಆ ದಿನಗಳಲ್ಲಿ ದೇಹ ನಡೆಯುತ್ತಿರುವುದು 700 ಕ್ಯಾಲೊರಿಯಿಂದಲ್ಲ. ಬಾಯಿಯಿಂದ ಬಂದದ್ದು ಸಾಲದಾದಾಗ ಕೂಡಿಟ್ಟ ಕೊಬ್ಬಿನಿಂದ ಉಳಿದದ್ದನ್ನು ತೆಗೆದುಕೊಳ್ಳುತ್ತಿರುತ್ತದೆ. ಕೊಬ್ಬು ಕರಗಿ ತೂಕ ಒಂದು ಕಡೆ ನಿಂತ ಮೇಲೆ ಆ ಆದಾಯ ನಿಂತುಹೋಗುತ್ತದೆ. ಆಗ ಖರ್ಚೆಲ್ಲ ಊಟದಿಂದಲೇ ಬರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 40 ವರ್ಷದ, 155 ಸೆಂ.ಮೀ. ಎತ್ತರದ ಒಬ್ಬ ಹೆಣ್ಣುಮಗಳು, ಆಪರೇಷನ್ನಿಗೆ ಮುಂಚೆ 105 ಕೆ.ಜಿ. ಇದ್ದರು ಎನ್ನಿ. 1990ರಲ್ಲಿ ಪ್ರಕಟವಾಗಿ ಇಂದಿಗೂ ಡಯಟೀಷಿಯನ್ನರು ಬಳಸುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ, ಸುಮ್ಮನೆ ಮಲಗಿದ್ದರೂ ಅವರ ದೇಹ ದಿನಕ್ಕೆ ಸುಮಾರು 1,660 ಕ್ಯಾಲೊರಿ ಸುಡುತ್ತದೆ. ಮನೆಗೆಲಸ, ಕಚೇರಿ, ಓಡಾಟ ಸೇರಿದರೆ 2,300ರ ಸುತ್ತಮುತ್ತ. ಅವರು ತಿನ್ನುತ್ತಿರುವುದು 700 ಆದರೆ ದಿನಕ್ಕೆ 1,600ರ ಕೊರತೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುವುದರಿಂದ ಐದು ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ. ಎರಡು ವರ್ಷದ ಬಳಿಕ ಅವರು 72 ಕೆ.ಜಿ.ಗೆ ಬಂದು ನಿಂತರು. ಈಗ ಅದೇ ಸೂತ್ರ ಮಲಗಿದ್ದರೆ 1,320, ಓಡಾಡಿದರೆ 1,850 ಎನ್ನುತ್ತದೆ. ಸ್ನಾಯು ಕಡಿಮೆ ಇರುವ ನಮ್ಮ ದೇಹಗಳಿಗೆ ಇಂಥ ಸೂತ್ರಗಳು ಜಾಸ್ತಿ ಹೇಳುವುದುಂಟು. ಧಾರಾಳವಾಗಿ 300 ಕಳೆದರೂ 1,500ಕ್ಕೂ ಮೇಲೇ ಉಳಿಯುತ್ತದೆ. 800ಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ನಾನು 900ರ ಮೇಲೆ ಹೋಗಿಯೇ ಇಲ್ಲ, ಆದರೂ ಆರು ತಿಂಗಳಿಂದ ತೂಕ ಅಲುಗಿಲ್ಲ. ನನ್ನ ದೇಹಕ್ಕೆ 900 ಸಾಕು ಅಂತ ತಾನೆ?" ಇದನ್ನು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ತಿಂದದ್ದನ್ನು ನೆನಪಿನಿಂದ ಅಳೆಯುವುದು ಮನುಷ್ಯರಿಗೆ ಬಲು ಕಷ್ಟ. ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ನ್ಯೂಯಾರ್ಕಿನಲ್ಲಿ ನಿಖರ ವಿಧಾನದಿಂದ ಪರೀಕ್ಷಿಸಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ನಮ್ಮ ಅಡುಗೆಮನೆಯಲ್ಲಿ ಇದು ಹೇಗಾಗುತ್ತದೆಂದು ಎಲ್ಲರಿಗೂ ಗೊತ್ತು. ಪಲ್ಯದ ಬಟ್ಟಲು ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಬಿದ್ದ ಒಗ್ಗರಣೆ ಬರುವುದಿಲ್ಲ; ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಮಗು ಬಿಟ್ಟ ಅರ್ಧ ದೋಸೆ, ರುಚಿ ನೋಡಿದ ಸಾರು, ಎರಡು ಸಲದ ಕಾಫಿಯ ಸಕ್ಕರೆ ಎಲ್ಲವೂ ಹಾಗೆಯೇ. ತೂಕ ತಿಂಗಳುಗಟ್ಟಲೆ ಸ್ಥಿರವಾಗಿದೆ ಎಂದರೆ ಒಳಗೆ ಹೋಗುವುದೂ ಖರ್ಚಾಗುವುದೂ ಸಮವಾಗಿವೆ ಎಂದೇ ಅರ್ಥ. ಆದ್ದರಿಂದ ನಿಜವಾಗಿ ಹೋಗುತ್ತಿರುವುದು 900ಕ್ಕಿಂತ ಸಾಕಷ್ಟು ಹೆಚ್ಚೇ ಇರಬಹುದು, ಅದರಲ್ಲಿ ತಪ್ಪೂ ಇಲ್ಲ. ಕಾಗದದ ಮೇಲಿನ ಆ ಅಂಕಿಯನ್ನು ನಂಬಿ ಇನ್ನೂರು ಕಡಿಮೆ ಮಾಡಲು ಹೊರಡುವುದು ಮಾತ್ರ ಅನಾಹುತಕ್ಕೆ ದಾರಿ.

ಊಟದ ಅಳತೆ ಏರುವುದು ಸೋಲಲ್ಲ ಎನ್ನಲು ಸ್ವೀಡನ್ನಿನ ಉದಾಹರಣೆ ಸಾಕು. ಅಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು ಎರಡು ಸಾವಿರದಷ್ಟು ಆಪರೇಷನ್ ಆದವರನ್ನೂ ಅಷ್ಟೇ ಮಂದಿ ಆಗದವರನ್ನೂ ದಶಕಗಳ ಕಾಲ ಹಿಂಬಾಲಿಸಿದೆ. ಆಪರೇಷನ್ನಿಗೆ ಮುಂಚೆ ದಿನಕ್ಕೆ ಸುಮಾರು 2,900 ಕ್ಯಾಲೊರಿ ತಿನ್ನುತ್ತಿದ್ದೆವು ಎಂದವರು ಆರು ತಿಂಗಳ ಹೊತ್ತಿಗೆ 1,500ಕ್ಕೆ ಇಳಿದಿದ್ದರು. ಕೆಲವು ವರ್ಷಗಳಲ್ಲಿ ಮೆಲ್ಲಗೆ 2,000ದ ಹತ್ತಿರ ಬಂದು ನಿಂತರು. ಅವರು ನಮಗಿಂತ ಎತ್ತರದ, ದಪ್ಪ ಮೈಕಟ್ಟಿನ ಜನ, ಅಂಕಿಗಳೂ ಅವರೇ ಹೇಳಿದವು. ಹಾಗಾಗಿ 2,000 ಎಂಬುದನ್ನು ನಾವು ನಕಲು ಮಾಡಬೇಕಿಲ್ಲ. ನೋಡಬೇಕಾದದ್ದು ಏರಿಳಿತದ ಆ ದಾರಿಯನ್ನು. ಅಳತೆ ಏರಿದ ಮೇಲೂ ಹತ್ತು ವರ್ಷದ ಕೊನೆಗೆ ಅವರ ತೂಕ ಮೊದಲಿಗಿಂತ ಸುಮಾರು ಶೇ. 16 ಕಡಿಮೆಯೇ ಇತ್ತು. ಆಪರೇಷನ್ ಆಗದವರಿಗೆ ಹೋಲಿಸಿದರೆ ಅವರ ಆಯುಷ್ಯ ಸುಮಾರು ಮೂರು ವರ್ಷ ಹೆಚ್ಚು ಎಂದು 2020ರ ವರದಿ ಹೇಳಿತು.

ಹಾಗಾದರೆ 1,200 ಎಂಬ ಅಂಕಿ ಎಲ್ಲರ ಬಾಯಲ್ಲಿ ಯಾಕಿದೆ? ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ 1918ರಲ್ಲಿ ಬರೆದ ಪಥ್ಯದ ಪುಸ್ತಕದಲ್ಲಿ ತೂಕ ಇಳಿಸುವ ಹೆಂಗಸರಿಗೆ ಹೇಳಿದ್ದು ಅದನ್ನೇ. ನೂರು ವರ್ಷದಿಂದ ಅದು ಬಾಯಿಂದ ಬಾಯಿಗೆ ಬಂದಿದೆ. ಆದರೆ ನಮ್ಮದೇ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ, ಕೂತು ಕೆಲಸ ಮಾಡುವ 55 ಕೆ.ಜಿ.ಯ ಹೆಂಗಸಿಗೆ 1,660, 65 ಕೆ.ಜಿ.ಯ ಗಂಡಸಿಗೆ 2,110 ಕ್ಯಾಲೊರಿ ಬೇಕೆಂದು ಹೇಳಿದೆ.

ಕ್ಯಾಲೊರಿಯ ಈ ಚರ್ಚೆಯಲ್ಲಿ ನನಗೆ ಇದಕ್ಕಿಂತ ಹೆಚ್ಚು ಕಳವಳ ತರುವುದು ಆ ಕ್ಯಾಲೊರಿಗಳಲ್ಲಿ ಏನಿದೆ ಎಂದು ಯಾರೂ ಕೇಳದಿರುವುದು. ಬೆಂಗಳೂರಿನ ಒಂದು ಸಸ್ಯಾಹಾರಿ ಮನೆಯಲ್ಲಿ, ಆಪರೇಷನ್ ಆಗಿ ನಾಲ್ಕು ತಿಂಗಳಾದವರ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಒಂದು ಸಣ್ಣ ಲೋಟ ಹಾಲು. ಎಂಟೂವರೆಗೆ ಒಂದು ಇಡ್ಲಿ, ಸಾಂಬಾರ್. ಹನ್ನೊಂದಕ್ಕೆ ನೀರುಮಜ್ಜಿಗೆ. ಮಧ್ಯಾಹ್ನ ಒಂದು ಹಿಡಿ ಅನ್ನ, ತಿಳಿಸಾರು, ಎರಡು ಚಮಚ ಹುರುಳಿಕಾಯಿ ಪಲ್ಯ. ಸಂಜೆ ಕಾಫಿ, ಎರಡು ಬಿಸ್ಕತ್ತು. ರಾತ್ರಿ ಒಂದು ಚಪಾತಿ, ಅರ್ಧ ಬಟ್ಟಲು ಬೇಳೆ. ನೋಡಿದವರು ಶಹಬ್ಬಾಸ್ ಎನ್ನುತ್ತಾರೆ. ಕ್ಯಾಲೊರಿ ಕೂಡಿದರೆ 700ರ ಸುತ್ತ. ಆದರೆ ಪ್ರೊಟೀನ್ ಕೂಡಿ ನೋಡಿ, 25 ಗ್ರಾಂ ದಾಟುವುದೇ ಕಷ್ಟ. ಈ ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು ಎಂಬುದು ಜಗತ್ತಿನ ಬಹುತೇಕ ಮಾರ್ಗಸೂಚಿಗಳ ಮಾತು. ಕೊರತೆ ಬಿದ್ದದ್ದನ್ನು ದೇಹ ತನ್ನ ಸ್ನಾಯುಗಳನ್ನೇ ಕರಗಿಸಿ ತುಂಬಿಕೊಳ್ಳುತ್ತದೆ. ತೂಕದ ಯಂತ್ರಕ್ಕೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ. ಇಳಿದ ಅಂಕಿ ನೋಡಿ ಮನೆಯವರೆಲ್ಲ ಸಂತೋಷಪಡುತ್ತಾರೆ.

ಭಾರತೀಯರಿಗೆ ಈ ನಷ್ಟ ಇನ್ನಷ್ಟು ದುಬಾರಿ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿ ಬರೆದ ಪುಟ್ಟ ಟಿಪ್ಪಣಿ ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಮೊದಲೇ ಸ್ನಾಯು ಕಡಿಮೆ ಇರುವ ನಮ್ಮಂಥವರು ಅದರಲ್ಲೂ ಕಳೆದುಕೊಂಡರೆ ದೇಹ ವಿಶ್ರಾಂತಿಯಲ್ಲಿ ಸುಡುವ ಕ್ಯಾಲೊರಿ ಮತ್ತಷ್ಟು ಕುಸಿಯುತ್ತದೆ, ಮುಂದೆ ತುಸು ಹೆಚ್ಚು ತಿಂದರೂ ತೂಕ ಏರುತ್ತದೆ. ತೂಕ ಮರಳಿ ಬಂದೀತೆಂಬ ಭಯದಿಂದ ಹಿಡಿದ ಕಟ್ಟುನಿಟ್ಟೇ ಅದನ್ನು ಮರಳಿ ಕರೆತರುವುದು ಹೀಗೆ.

ಅದೇ ಮನೆಯ ಅದೇ ಪುಟ್ಟ ಹೊಟ್ಟೆಗೆ ಬೇರೆ ಊಟವೂ ಹಿಡಿಸುತ್ತದೆ. ಇಡ್ಲಿಯ ಜಾಗದಲ್ಲಿ ಹೆಸರುಬೇಳೆಯ ದೋಸೆ, ತಿನ್ನುವವರಾದರೆ ಎರಡು ಮೊಟ್ಟೆ. ಅನ್ನಕ್ಕಿಂತ ಮೊದಲು ಗಟ್ಟಿ ತೊವ್ವೆ. ಬಿಸ್ಕತ್ತಿನ ಬದಲು 50 ಗ್ರಾಂ ಪನೀರ್. ರಾತ್ರಿ ಚೆನ್ನಾಗಿ ಬೇಯಿಸಿದ ಮೊಳಕೆ ಹುರುಳಿ ಇಲ್ಲವೇ ಸೋಯಾ. ಕರಾವಳಿಯವರಿಗೆ ಮೀನು ಇದ್ದೇ ಇದೆ. ಹಾಲಿಗೆ ಒಂದು ಅಳತೆ ಪ್ರೊಟೀನ್ ಪುಡಿ. 900–1,000 ಕ್ಯಾಲೊರಿಯೊಳಗೇ 60 ಗ್ರಾಂ ಮುಟ್ಟಿತು. ಮೊದಲ ದಿನಕ್ಕಿಂತ ಇಲ್ಲಿ ಕ್ಯಾಲೊರಿ ಇನ್ನೂರು ಮುನ್ನೂರು ಹೆಚ್ಚು, ಆದರೂ ನಾನು ಹಿಂದೆಮುಂದೆ ನೋಡದೆ ಇದನ್ನೇ ಆರಿಸುತ್ತೇನೆ.

ಹಳೇ ಮೈಸೂರು ಕಡೆಯ ಮುದ್ದೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ ನಿಜ, ಆದರೆ ಪ್ರೊಟೀನ್ 100 ಗ್ರಾಂ ಹಿಟ್ಟಿಗೆ ಏಳೇ ಗ್ರಾಂ. ಅದಕ್ಕಿಂತ ಮುಖ್ಯವಾಗಿ, ಮುದ್ದೆಯನ್ನು ಅಗಿಯುವುದು ನಮ್ಮಲ್ಲಿ ರೂಢಿಯಿಲ್ಲ. ಸಾರಿನಲ್ಲಿ ಅದ್ದಿ ನುಂಗಿಬಿಡುತ್ತೇವೆ. ಆಪರೇಷನ್ ಆದ ಜಠರದಲ್ಲಿ ನುಂಗಿದ ತುತ್ತು ಸಿಕ್ಕಿಹಾಕಿಕೊಳ್ಳುತ್ತದೆ, ಎದೆ ಬಿಗಿದು ವಾಂತಿಯಾಗುತ್ತದೆ. ಹುಟ್ಟಿದಾಗಿನಿಂದ ನುಂಗಿ ಬಂದವರು ನಿಂಬೆಗಾತ್ರದ ಮುದ್ದೆಯನ್ನು ಚೂರು ಚೂರು ಮಾಡಿ, ಪ್ರತಿ ಚೂರನ್ನೂ ಅಗಿದು, ಇಪ್ಪತ್ತು ನಿಮಿಷ ಕೂತು ತಿನ್ನಬೇಕು. ಡಯಟ್ ಚಾರ್ಟಿನಲ್ಲಿ "ರಾಗಿ ಬಾಲ್ — 1" ಎಂದು ಬರೆದು ಕೈಗೆ ಕೊಟ್ಟರೆ ಇದು ಯಾರಿಗೂ ತಿಳಿಯುವುದಿಲ್ಲ.

ವಾಂತಿಯನ್ನು ಹಗುರವಾಗಿ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ವಾರಗಟ್ಟಲೆ ವಾಂತಿಯಾಗುತ್ತ ತೂಕ ಭರಭರನೆ ಇಳಿಯುತ್ತಿದ್ದರೆ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿ ನರಗಳಿಗೂ ಮಿದುಳಿಗೂ ಪೆಟ್ಟು ಬೀಳಬಹುದು. ಗೊಂದಲ, ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆಗಳು ಬದುಕಿರುವವರೆಗೂ ಬೇಕು. ಎಷ್ಟು ಕ್ಯಾಲೊರಿ ತಿಂದರೂ ಈ ಕೊರತೆ ಊಟದಿಂದಷ್ಟೇ ತುಂಬುವುದಿಲ್ಲ. ಬೈಪಾಸ್ ಆದವರಲ್ಲಂತೂ ಹೀರಿಕೊಳ್ಳುವ ದಾರಿಯೇ ಬದಲಾಗಿರುತ್ತದೆ.

ಲೆಕ್ಕವೇ ಬೇಡ, ಹೊಟ್ಟೆ ತುಂಬಿದಾಗ ನಿಲ್ಲಿಸಿದರಾಯಿತು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗಟ್ಟಿ ಊಟದ ಮಟ್ಟಿಗೆ ಪುಟ್ಟ ಜಠರ ಒಳ್ಳೆಯ ಕಾವಲುಗಾರ. ಆದರೆ ಕಬ್ಬಿನ ಹಾಲು, ಐಸ್‌ಕ್ರೀಮು, ಮಿಲ್ಕ್‌ಶೇಕ್ ಜಾರಿಹೋಗುತ್ತವೆ. ನಿಪ್ಪಟ್ಟು, ಚಕ್ಕುಲಿ, ಚಿಪ್ಸ್ ಬಾಯಲ್ಲೇ ಪುಡಿಯಾಗಿ ಇಳಿದುಬಿಡುತ್ತವೆ. ಗಂಟೆಗೊಂದರಂತೆ ಬಾಯಾಡಿಸಿದರೆ ಹೊಟ್ಟೆ ತುಂಬಿದ್ದು ತಿಳಿಯುವುದೇ ಇಲ್ಲ. ಮೇಲಾಗಿ ಒಂದೆರಡು ವರ್ಷದಲ್ಲಿ ಹಸಿವೆ ಬಹುಪಾಲು ಮಂದಿಗೆ ಮರಳುತ್ತದೆ. ತೂಕ ಮತ್ತೆ ಏರುವ ಭಯ ಸುಳ್ಳಲ್ಲ, ಅದನ್ನು ಅನುಭವಿಸಿದವರು ಅನೇಕರು. ಹಾಗಾಗಿ ಲೆಕ್ಕ ಬೇಕು. ಆದರೆ ಬದುಕಿಡೀ ಪ್ರತಿ ತುತ್ತನ್ನೂ ಮೊಬೈಲಿನಲ್ಲಿ ಬರೆಯುತ್ತ ಕೂರುವ ಲೆಕ್ಕ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದೆರಡು ವಾರ, ಎಣ್ಣೆ ಸಕ್ಕರೆಯನ್ನೂ ಸೇರಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಪ್ರಾಮಾಣಿಕವಾಗಿ ಬರೆದಿಟ್ಟರೆ ಸಾಕು.

ಅಳತೆ ಏರಿಸುವುದೂ ಹೀಗೇ ಮೆಲ್ಲಗೆ. ತೂಕ ಇಳಿಯುವುದು ನಿಧಾನವಾದ ಮೇಲೆ, ಸಾಮಾನ್ಯವಾಗಿ ಒಂದು ವರ್ಷದಿಂದ ಒಂದೂವರೆ ವರ್ಷದ ಹೊತ್ತಿಗೆ, ಡಯಟೀಷಿಯನ್ನರ ಜೊತೆ ಕೂತು ದಿನಕ್ಕೆ 100 ಕ್ಯಾಲೊರಿಯಷ್ಟು ಏರಿಸಿ ಮೂರು ನಾಲ್ಕು ವಾರ ಕಾಯುವುದು. ತೂಕವನ್ನು ದಿನದ ಲೆಕ್ಕದಲ್ಲಿ ನೋಡದೆ ವಾರದ ಸರಾಸರಿಯಲ್ಲಿ ನೋಡುವುದು. ಅದರ ಜೊತೆಗೆ ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆಯೇ, ಕೂದಲು ಆರು ತಿಂಗಳು ದಾಟಿದರೂ ಉದುರುತ್ತಲೇ ಇದೆಯೇ, ಚಳಿ ಜಾಸ್ತಿಯೇ, ಹಿಮೋಗ್ಲೋಬಿನ್, ಅಲ್ಬುಮಿನ್, ಬಿ12 ಹೇಗಿವೆ ಎಂದು ವಿಚಾರಿಸುವುದು. ತೂಕ ಸ್ಥಿರವಾಗಿದ್ದು ಇವೆಲ್ಲ ಸರಿಯಿದ್ದರೆ ಇನ್ನೊಂದು ಮೆಟ್ಟಿಲು ಏರಬಹುದು. ತೂಕ ಏರತೊಡಗಿದರೆ ಅಲ್ಲೇ ನಿಂತು, ಹೆಚ್ಚಿದ್ದು ಯಾವ ತಿನಿಸಿನಿಂದ ಎಂದು ನೋಡಬೇಕು. ಒಬ್ಬರು 1,300ಕ್ಕೆ ನಿಲ್ಲುತ್ತಾರೆ, ತೋಟದಲ್ಲಿ ದುಡಿಯುವ ಇನ್ನೊಬ್ಬರು 1,900ಕ್ಕೆ. ಇಬ್ಬರದೂ ಸರಿ.

ಮನೆಯವರು ಮತ್ತು ನೆಂಟರು ಇದನ್ನು ಒಪ್ಪುವುದು ಇನ್ನೊಂದು ಕಷ್ಟ. ಮೊದಲ ವರ್ಷದ ಮದುವೆಮನೆಯಲ್ಲಿ, "ಇಷ್ಟೇನಾ ಅಕ್ಕ ತಿನ್ನೋದು? ಒಂದೇ ಒಂದು ಹೋಳಿಗೆ, ನನ್ನ ಮೇಲಾಣೆ" ಎಂದು ಎಲೆಗೆ ಬಡಿಸುತ್ತಾರೆ. ಬೈಪಾಸ್ ಆದವರಿಗೆ ಆ ಸಿಹಿ ಕರುಳಿಗೆ ಒಮ್ಮೆಗೇ ನುಗ್ಗಿ, ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಮೂರನೇ ವರ್ಷ ಅದೇ ಅಕ್ಕ ನೆಮ್ಮದಿಯಾಗಿ ಒಂದು ಬಟ್ಟಲು ಅನ್ನ, ಹುಳಿ, ಕೋಸಂಬರಿ ಉಣ್ಣುತ್ತಿದ್ದರೆ, "ಆಪರೇಷನ್ ಮಾಡ್ಸಿದ್ರೂ ಇಷ್ಟು ತಿಂತಾರಲ್ಲ" ಎಂಬ ಪಿಸುಮಾತು. ಹೆಂಗಸು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವುದೇ ದೊಡ್ಡಗುಣ ಎಂದು ನಂಬಿಕೊಂಡು ಬಂದ ಮನೆಗಳಲ್ಲಿ, ಆಕೆ ತನ್ನ ಪಾಲಿನ ಪ್ರೊಟೀನನ್ನು ಮೊದಲೇ ಎತ್ತಿಟ್ಟುಕೊಳ್ಳುವುದು ಅಷ್ಟು ಸುಲಭವಲ್ಲ. ಸರಿಯಾದ ಅಳತೆ ಎಷ್ಟೆಂದು ಗೊತ್ತಿದ್ದರೂ ಅದನ್ನು ತಿನ್ನಲು ಧೈರ್ಯ ಬೇಕಾಗುವ ಸ್ಥಿತಿ ನನಗೆ ಅನ್ಯಾಯ ಎನಿಸುತ್ತದೆ. ಆಪರೇಷನ್ನಿಗೆ ಮುಂಚಿನ ಮಾತುಕತೆಯಲ್ಲಿ ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಈ ವಿಷಯ ಹೇಳುವ ಡಯಟೀಷಿಯನ್ನರು ಅರ್ಧ ಚಿಕಿತ್ಸೆಯನ್ನು ಅಲ್ಲೇ ಮುಗಿಸಿರುತ್ತಾರೆ.

ಉಳಿದರ್ಧ ವರ್ಷಗಟ್ಟಲೆ ನಡೆಯಬೇಕಾದದ್ದು, ನಮ್ಮ ವ್ಯವಸ್ಥೆ ಕೈಬಿಡುವುದೂ ಅಲ್ಲೇ. ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಗಂಭೀರ ಕಾಯಿಲೆಗಳಿದ್ದು ಬೇರೆ ಚಿಕಿತ್ಸೆ ಫಲಿಸದಿದ್ದರೆ, ಆಪರೇಷನ್ನಿನ ಖರ್ಚನ್ನು ಸ್ಥೂಲಕಾಯದ ಹೆಸರಿನಲ್ಲಿ ವಿಮೆಯಿಂದ ಹೊರಗಿಡುವಂತಿಲ್ಲ ಎಂಬ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರ ತಂದಿದೆ. ಆದರೆ ನಮ್ಮ ಆರೋಗ್ಯ ವಿಮೆಗಳು ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ಮಲಗಿದ ದಿನಗಳಿಗಷ್ಟೇ. ಎರಡನೇ ವರ್ಷದ ಡಯಟೀಷಿಯನ್ ಭೇಟಿ, ಮೂರನೇ ವರ್ಷದ ರಕ್ತಪರೀಕ್ಷೆ, ತಿಂಗಳು ತಿಂಗಳು ಖಾಲಿಯಾಗುವ ಪ್ರೊಟೀನ್ ಪುಡಿ, ಮಾತ್ರೆಗಳೆಲ್ಲ ಜೇಬಿನಿಂದಲೇ. ಲಕ್ಷಗಟ್ಟಲೆ ಖರ್ಚಾದ ಮನೆಯಲ್ಲಿ ಮೊದಲು ಬಿಟ್ಟುಹೋಗುವುದೂ ಇವೇ. ಬೀದರಿನಿಂದಲೋ ಚಾಮರಾಜನಗರದಿಂದಲೋ ಬಂದು ಮಾಡಿಸಿಕೊಂಡು ಹೋದವರು ಐದು ನಿಮಿಷದ ಭೇಟಿಗೆ ಬೆಂಗಳೂರಿಗೆ ಬರುವುದು ಹೇಗೆ? ಡಯಟೀಷಿಯನ್ನರ ಜೊತೆಗಿನ ಮಾತುಕತೆಯಲ್ಲಿ ಬಹುಪಾಲು ಫೋನಿನಲ್ಲೇ ನಡೆಯಬಹುದು, ರಕ್ತಪರೀಕ್ಷೆ ಜಿಲ್ಲಾ ಕೇಂದ್ರದಲ್ಲೇ ಆಗಬಹುದು. ಐದು ವರ್ಷದ ಈ ಖರ್ಚನ್ನು ಆಪರೇಷನ್ನಿನ ಪ್ಯಾಕೇಜಿನೊಳಗೇ ಸೇರಿಸಿ ಎಂದು ಆಸ್ಪತ್ರೆಗಳನ್ನೂ ವಿಮಾ ಕಂಪನಿಗಳನ್ನೂ ಕೇಳುವ ಹಕ್ಕು ರೋಗಿಗಳಿಗಿದೆ. ಆಪರೇಷನ್ನಿಗೆ ಸಹಿ ಹಾಕುವ ಮುಂಚೆಯೇ ಕೇಳಬೇಕು: ಎರಡನೇ ವರ್ಷ ನನ್ನ ಊಟದ ಅಳತೆಯನ್ನು ಯಾರು ನೋಡುತ್ತಾರೆ, ಅವರ ಹೆಸರೇನು, ಯಾವ ನಂಬರಿಗೆ ಫೋನ್ ಮಾಡಬೇಕು?